ಉಡದ ಏಟು

ದಾಳ ಉರುಳಿ ನಿಂತಾಗ ಬಾಳೇಶನ ಎದೆ ಧಸಕ್ಕೆಂದಿತು. ರಟ್ಟಿನ ಮರೆಯ ಹಿಂದೆ ಬಿದ್ದ ಅಂಕಿ ಅವನೊಬ್ಬನಿಗೇ ಕಾಣುತ್ತಿತ್ತು. ಎರಡು ತಲೆಯ ಉಡ ಮಾಯವ್ವನನ್ನು ಕೊಲ್ಲಲು ಅಷ್ಟು ಸಾಕಾಗಿ ಮಿಗುತ್ತಿತ್ತು.

"ಬಾಲ ತಗಲೇತಿ. ಬರೇ ತರಚಿದ ಗಾಯ," ಎಂದು ಸುಳ್ಳು ಹೇಳಿ ದಾಳವನ್ನು ಎತ್ತಿಕೊಂಡುಬಿಟ್ಟ.

ಎದುರಿಗೆ ಕುಳಿತಿದ್ದ ಉಮಾಶ್ರೀ ತನ್ನ ಹಾಳೆಯ ಮೇಲೆ ಸಣ್ಣ ಅಂಕಿಯೊಂದನ್ನು ಕಳೆದಳು. ಕೊಡಲಿ ಹಿಡಿದ ಕಾಡಿನ ಹೆಂಗಸು ಮಾಯವ್ವ, ಅವಳು ಆಡುತ್ತಿದ್ದ ಪಾತ್ರ. ಬಾಳೇಶನ ಗೆಳೆಯ ಕಾಂತೇಶನದು ಮಂತ್ರವಾದಿ. ಅವನ ತಂಗಿ ರೇಣುವಿನದು ಬಿಲ್ಲುಗಾತಿ. ಕಥೆ ಹೇಳುವುದು, ಎದುರಾಗುವ ದೈತ್ಯರ ಪರವಾಗಿ ದಾಳ ಒಗೆಯುವುದು ಬಾಳೇಶನ ಪಾಲು. ಪ್ರತಿ ಭಾನುವಾರ ಮಧ್ಯಾಹ್ನ ಮೂವರೂ ಬೈಲಹೊಂಗಲದ ಅವನ ಮನೆಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿದರೆ ಸಾಕು, ಅದೇ ನವಿಲುತೀರ್ಥದ ಕಣಿವೆ. ಉಡದ ಗವಿ ಅಲ್ಲೇ.

ಈ ಉಡದ ಏಟಿನ ಲೆಕ್ಕ ಮಾತ್ರ ಬಾಳೇಶನಿಗೆ ಒಗ್ಗಿರಲಿಲ್ಲ. ಏಟು ಹೆಚ್ಚಿಸಿದರೆ ಎರಡು ಹೊಡೆತಕ್ಕೆ ಯಾರಾದರೂ ಸಾಯುವಂತಾಗುತ್ತಿತ್ತು. ತಗ್ಗಿಸಿದರೆ ರೇಣು ಆಕಳಿಸುತ್ತಿದ್ದಳು. ಹೆದರಿಕೆಯೇ ಇಲ್ಲದ ಮೇಲೆ ಗೆದ್ದು ಏನು ಸುಖ ಎಂಬುದು ಅವಳ ತಕರಾರು. ಕಚ್ಚುವುದಕ್ಕೊಂದು, ಬಾಲ ಬೀಸುವುದಕ್ಕೊಂದು ಅಂತ ದಾಳ ಬೇರೆ ಮಾಡಿದ. ಒಂದು ತಲೆಯನ್ನು ಕುರುಡು ಮಾಡಿ ನೋಡಿದ. ಕಾಲೇಜಿನಲ್ಲಿ ಗಣಿತ ಕಲಿಸಿದವನು. ಸರಾಸರಿ ಸರಿಯಾಗಿಯೇ ಬರುತ್ತಿತ್ತು. ದಾಳಕ್ಕೆ ಸರಾಸರಿ ಗೊತ್ತಿರಲಿಲ್ಲ.

ತಮ್ಮ ಪರಶು ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಬಾಳೇಶ ಕಾಲೇಜಿಗೆ ರಜೆ ಹಾಕಿದ್ದ, ಮನೆಯ ಹೊಸ್ತಿಲು ದಾಟಿರಲಿಲ್ಲ. ಅಂದು ಬೈಕು ನಡೆಸುತ್ತಿದ್ದವನು ಬಾಳೇಶನೇ. ಈಗ ಆಟದ ಲೆಕ್ಕಕ್ಕೇ ಹೊತ್ತು ಸಾಲುವುದಿಲ್ಲ ಎಂದುಕೊಳ್ಳುತ್ತಿದ್ದ. ಕಿರಾಣಿ ಸಾಮಾನು, ಗುಳಿಗೆ ಎಲ್ಲವನ್ನೂ ಕಾಂತೇಶನೇ ತಂದುಕೊಡುತ್ತಿದ್ದ. ಅವ್ವ ಶಟ್ಟೆವ್ವನಿಗೆ ಈಚೆಗೆ ವಿಚಿತ್ರ ರೂಢಿ ಬಿದ್ದಿತ್ತು; ಕಾಯಿಪಲ್ಲೆಯನ್ನು ಪಕ್ಕದ ಮನೆಗೆ ಒಯ್ದು ಹೆಚ್ಚಿಕೊಂಡು ಬರುತ್ತಿದ್ದಳು. ಬಚ್ಚಲಿನ ಚಿಲಕ ಮುರಿದು ಎಷ್ಟು ದಿನವಾದರೂ ಬಡಿಗನನ್ನು ಕರೆಸಿರಲಿಲ್ಲ. ವಯಸ್ಸಾಯಿತಲ್ಲ ಎಂದು ಬಾಳೇಶ ಸುಮ್ಮನಿದ್ದ.

ಅವನ ಚಿಂತೆ ಉಮಾಶ್ರೀಯದು. ಕಾಂತೇಶ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳಿಗೂ ಕೆಲಸ. ಅವಳನ್ನು ಆಟಕ್ಕೆ ಕರೆತಂದವನು ಕಾಂತೇಶನೇ. ಒಂದು ದಿನ ಅವಳಿಲ್ಲದಾಗ ಕಾಂತೇಶ ದನಿ ತಗ್ಗಿಸಿ ಹೇಳಿದ್ದ:

"ಅಕಿ ಗಂಡ ದುಂಡಪ್ಪ ತೀರಿಕೊಂಡ ಮ್ಯಾಲೆ ಅಕಿಗೆ ಈ ಆಟ ಒಂದೇ ಆಸರ. ನೀ ಆಡಸೂದು ಬಿಟ್ರ, ಇಲ್ಲಾ ಆ ಮಾಯವ್ವ ಸತ್ರ, ಅಕಿ ಏನ್ ಮಾಡ್ಕೋತಾಳೋ ನನಗ ಗೊತ್ತಿಲ್ಲ."

ಅಂದಿನಿಂದ ಬಾಳೇಶ ಒಂದು ಭಾನುವಾರವೂ ಆಟ ತಪ್ಪಿಸಲಿಲ್ಲ. ಹಾಸಿಗೆಯಿಂದ ಏಳಲು ಮನಸ್ಸಿಲ್ಲದ ದಿನಗಳಲ್ಲೂ ಎದ್ದು, ಸ್ನಾನ ಮಾಡಿ, ಚಾಪೆ ಹಾಸಿದ. ರಟ್ಟಿನ ಮರೆಯಲ್ಲಿ ಕುಳಿತು ಒಬ್ಬ ಹೆಂಗಸಿನ ಜೀವ ಕಾದ.

ಆದರೆ ಬಾಲದ ಸುಳ್ಳು ಹೇಳಿದ ಆ ಭಾನುವಾರ ಉಮಾಶ್ರೀಯೇ ಕೈ ಚಾಚಿ ರಟ್ಟನ್ನು ಪಕ್ಕಕ್ಕಿಟ್ಟಳು.

"ಇನ್ನ ಎಲ್ಲಾರಿಗೂ ಕಾಣೂ ಹಂಗ ಒಗೀರಿ," ಎಂದಳು.

ಬಾಳೇಶ ಕಾಂತೇಶನ ಮುಖ ನೋಡಿದ. ಕಾಂತೇಶ ಕಿಟಕಿಯ ಕಡೆ ನೋಡುತ್ತಿದ್ದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬಾಳೇಶ ದಾಳವನ್ನು ಅಂಗೈ ಬೆವರುವಷ್ಟು ಹೊತ್ತು ಹಿಡಿದು, ಕೊನೆಗೆ ಬಿಟ್ಟ. ಅದು ಉರುಳಿ, ಉಮಾಶ್ರೀಯ ಮೊಣಕಾಲಿಗೆ ತಾಗಿ ನಿಂತಿತು. ಮೇಲೆ ಬಂದ ಅಂಕಿಗಿಂತ ದೊಡ್ಡದು ಆ ದಾಳದಲ್ಲಿ ಇರಲಿಲ್ಲ.

ಮಾಯವ್ವ ಸತ್ತಳು. ಉಮಾಶ್ರೀ ಮಾಯವ್ವನ ಹಾಳೆಯನ್ನು ಹರಿದು ಮಡಿಚಿದಳು. ಶಟ್ಟೆವ್ವನ ಎರಡೂ ಕೈ ಹಿಡಿದು, ಬರತೇನಿ ಎಂದು ಹೊರಟಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಫೋನ್ ಬಂದ್ ಇತ್ತು. ಆಸ್ಪತ್ರೆಗೂ ಬಂದಿಲ್ಲವಂತೆ, ಕಾಂತೇಶನೇ ಫೋನ್ ಮಾಡಿ ಹೇಳಿದ. ತನಗೆ ರಜೆಯಿಲ್ಲ, ರೇಣುವಿಗೆ ಜ್ವರ, ಯಾರಾದರೂ ಮುರಗೋಡದ ಅವಳ ಮನೆಗೆ ಹೋಗಿ ನೋಡಿಬರಬೇಕು ಎಂದ. ಮಠದ ಹಿಂದಿನ ಓಣಿ, ನೀಲಿ ಬಾಗಿಲು.

ಬಾಳೇಶ ಒಳಗೂ ಹೊರಗೂ ಅಡ್ಡಾಡಿದ. ಹೊಸ್ತಿಲ ಬಳಿ ಬಂದು ಮತ್ತೆ ಹಿಂದೆ ಸರಿದ. ಶಟ್ಟೆವ್ವ ಅವನ ಚಪ್ಪಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಎಲ್ಲಿಗೆ ಎಂದು ಕೇಳಲಿಲ್ಲ.

ಬಿಸಿಲು ಕಣ್ಣಿಗೆ ಚುಚ್ಚಿತು. ಬಸ್ಸು ಪ್ರತಿ ತಿರುವು ತೆಗೆದುಕೊಂಡಾಗಲೂ ಬಾಳೇಶ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಅದೇ ಲೆಕ್ಕ. ಬಾಲದ ಏಟನ್ನು ಅರ್ಧ ಮಾಡಿದ್ದರೆ. ಚಿಕ್ಕ ದಾಳ ಹಿಡಿದಿದ್ದರೆ. ಮಾಯವ್ವನಿಗೊಂದು ಗುರಾಣಿ ಕೊಟ್ಟಿದ್ದರೆ. ಕೈಯಿಂದ ಜಾರಿದ್ದನ್ನು ಯಾವ ಲೆಕ್ಕವೂ ಹಿಂದಕ್ಕೆ ತರಲಾರದು ಎಂಬುದು ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಇನ್ನೊಂದು ಸಾವು ತನ್ನ ಕೈಯಿಂದಲೇ ಆಯಿತೆಂದರೆ ಮನೆಗೆ ಮರಳುವುದು ಬೇಡ ಎಂದುಕೊಂಡ.

ನೀಲಿ ಬಾಗಿಲ ಮುಂದೆ ಜನ ನೆರೆದಿರಲಿಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಾಳೇಶ ಚಿಲಕ ಬಡಿದ. ಬನಿಯನ್ ತೊಟ್ಟ, ಗಟ್ಟಿಮುಟ್ಟಾದ ಗಂಡಸೊಬ್ಬ ಬಾಗಿಲು ತೆಗೆದ.

ಉಮಾಶ್ರೀ ಅವರು ಹೆಂಗದಾರ ಎಂದು ಬಾಳೇಶ ಕೇಳಿದ. ಬಾಗಿಲು ತೆಗೆದವನು ಹೆಸರು ಕೇಳಿದಾಗ ತನ್ನ ಹೆಸರು ಹೇಳಿದ.

ಆ ಮನುಷ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

"ಬರ್ರಿ, ಒಳಗ ಬರ್ರಿ. ನಾ ದುಂಡಪ್ಪ, ಉಮಾಶ್ರೀ ಗಂಡ," ಎಂದವನೇ ಅಡುಗೆಮನೆಯ ಕಡೆ ತಿರುಗಿದ. "ಉಮಾ, ಕಾಂತೇಶಗ ಫೋನ್ ಹಚ್ಚು. ಬಾಳೇಶ ಮನಿ ಬಿಟ್ಟು ಹೊರಗ ಬಂದಾನ."