ಸೇತುವೆಯ ಗೇಟು

ಬೆಳಿಗ್ಗೆ ಇಂಪನಾಳ ಮುಂದಿನ ಹಲ್ಲು ಬಿತ್ತು. ಅದನ್ನು ಸಗಣಿಯಲ್ಲಿ ಸುತ್ತಿ ಸೂರಿನ ಮೇಲೆ ಎಸೆಯುವಾಗ ಅವಳ ಅವ್ವ ಬೋರಮ್ಮ ಉಸಿರು ಬಿಗಿಹಿಡಿದಳು.

“ಅಲ್ಲು ಇವತ್ತೇ ಬೀಳ್ಬೇಕಿತ್ತಾ, ಮಗಾ?”

ಸ್ಕೂಲಿಗೂ ಕೆಲಸಕ್ಕೂ ಸೇತುವೆ ದಾಟಲೇಬೇಕು. ಅಲ್ಲಿನ ಗೇಟು ಒಬ್ಬೊಬ್ಬರಿಂದ ಒಂದೊಂದು ಪದ ಹೇಳಿಸುತ್ತದೆ. ಉಚ್ಚಾರ ತಪ್ಪಿದರೆ ಹೊರಗಿನವರೆಂದು ವ್ಯಾನಿಗೆ ಹತ್ತಿಸುತ್ತಾರೆ. ಹಾಗೆ ಹೋದವರು ವಾಪಸ್ ಬಂದದ್ದನ್ನು ಯಾರೂ ನೋಡಿಲ್ಲ. ಬೋರಮ್ಮ ದಿನಾ ಒಲೆಯ ಮುಂದೆ ಕೂತು ತನ್ನ ‘ಹ’ ತಿದ್ದಿಕೊಂಡೇ ಹೊರಡುತ್ತಿದ್ದಳು. ಇವತ್ತು ಆ ಹೊತ್ತೆಲ್ಲ ಮಗಳ ‘ಸ’ ತಿದ್ದುವುದಕ್ಕೇ ಹೋಯಿತು.

“ಸಾಸಿವೆ ಅನ್ನು,” ಎಂದಿತು ಗೇಟು.

ಇಂಪನಾ ನಾಲಿಗೆಯನ್ನು ಒಳಗೆಳೆದುಕೊಂಡು, “ಸಾಸಿವೆ” ಎಂದಳು. ಗೇಟು ತೆರೆಯಿತು, ಅವಳು ದಾಟಿದ ಕೂಡಲೇ ಮುಚ್ಚಿಕೊಂಡಿತು.

“ಮುಂದಿನವರು ಬನ್ನಿ. ಹೂವು ಅನ್ನಿ.”

ಬೋರಮ್ಮ ಗೇಟಿನ ಮುಂದೆ ಬಂದಳು. “ಊವು.”

ಕೆಂಪು ದೀಪ ಹತ್ತಿತು. “ಇನ್ನು ಒಂದೇ ಸಲ.” ಹಿಂದೆ ಎಲ್ಲೋ ವ್ಯಾನಿನ ಬಾಗಿಲು ಸರಿದ ಸದ್ದಾಯಿತು.

ಕಂಬಿಯಾಚೆಯಿಂದ ಮಗಳು ಪಿಸುಗುಟ್ಟಿದಳು: “ಉಸ್ರು ಬಿಟ್ಟು ಹೇಳವ್ವ.”

ಹಲ್ಲು ಬಿದ್ದಾಗ ಬಿಗಿಹಿಡಿದ ಉಸಿರು ಬೋರಮ್ಮನ ಎದೆ ಬಿಟ್ಟು ಹೊರಗೆ ಬರಲೇ ಇಲ್ಲ.