ಚಕ್ರಕ್ಕೊಂದು ನಿಂಬೆಹಣ್ಣು

ಮೆಕ್ಯಾನಿಕ್ ನಯಾಜ್ ಬೈಕಿಗೆ ಹಾಕಿದ ಹೊಸ ಹೆಡ್‌ಲೈಟಿನ ಸ್ವಿಚ್ ಒತ್ತಿದ್ದೇ ತಡ, ಎದುರಿನ ಟೀ ಅಂಗಡಿಯಿಂದ ಕೂಗು ಬಂತು: "ಆಫ್ ಮಾಡೋ ಗುರು, ಕಣ್ಣು ಕುಕ್ತದೆ!" ಬೈಕ್ ಮೇಲೆ ಕೂತಿದ್ದ ನಾಗಭೂಷಣ ಮಾತ್ರ ಕಣ್ಣು ಕಿರಿದು ಮಾಡಿ ಮುಂದೆ ನೋಡಿದ.

ಸಂಜೆಯಾದರೆ ರಸ್ತೆಯ ಹಳ್ಳ ಕಾಣದೆ ಬೀಳುತ್ತಿದ್ದವನು ಅವನು. ಡಾಕ್ಟರಿಗೆ ಕಣ್ಣು ತೋರಿಸೋಣವೆಂದರೆ, "ಬಲ್ಬ್ ಸತ್ತಿದೆ ಕಣೇ, ಎಲ್ಇಡಿ ಹಾಕಿಸಿದ್ರೆ ಎಲ್ಲಾ ಸರಿಹೋಗುತ್ತೆ," ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಹಾಳಾದ್ದು ಬಲ್ಬೇ ಆಗಿರಲಪ್ಪಾ ಎಂದು ರಾಧಾಮಣಿ ಮುನೇಶ್ವರನಿಗೆ ಹರಕೆ ಹೊತ್ತಿದ್ದಳು.

ಗಾಡಿಗೆ ಹೊಸದೇನು ಹಾಕಿಸಿದರೂ ಚಕ್ರಕ್ಕೆ ನಿಂಬೆಹಣ್ಣು ಕೊಡಬೇಕಲ್ಲ. ಗಂಡನಿಗೆ ಚೆನ್ನಾಗಿ ಕಾಣಲೆಂದು ಒಂದು ಮಾರು ಮುಂದೆ, ಬೆಳಕಿನ ನಟ್ಟನಡುವೆ ಹಣ್ಣಿಟ್ಟು ಪಕ್ಕಕ್ಕೆ ಸರಿದಳು.

ನಾಗಭೂಷಣ ಮುಂದಕ್ಕೆ ಬಾಗಿ ನೆಲವನ್ನೇ ದಿಟ್ಟಿಸಿದ. "ಏನ್ ಯೋಚ್ನೆ ಮಾಡ್ತಾ ನಿಂತಿದ್ದೀಯೇ," ಎಂದ, "ಬೇಗ ಹಣ್ಣಿಡು."