ಹೋಗಿಬರುವ ಟಿಕೆಟ್

ಬಿಸಿ ಅರಿಶಿನಕ್ಕೆ ಸುಣ್ಣ ಬೆರೆತಾಗ ಏಳುವ ವಾಸನೆ ಅರುಂಧತಿಯವರಿಗೆ ಬಾಲ್ಯದಿಂದಲೂ ಗೊತ್ತು. ಅಮ್ಮನ ಮೊಣಕೈಯಿಂದ ಆಗಾಗ ಬರುತ್ತಿತ್ತು. ಕೇಳಿದರೆ, ಬಚ್ಚಲಲ್ಲಿ ಜಾರಿದೆ ಎನ್ನುತ್ತಿದ್ದರು ಅಮ್ಮ. ಅರವತ್ತು ವರ್ಷಗಳ ಮೇಲೆ, ಅಮೆರಿಕದ ರಾಂಚೊ ಬರ್ನಾರ್ಡೊದ ಲೈಬ್ರರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾಗ ಅದೇ ವಾಸನೆ ಅವರ ಬೆರಳುಗಳಿಂದ ಬರುತ್ತಿತ್ತು. ಎರಡು ಸಲ ಸೋಪು ಹಾಕಿ ತೊಳೆದರೂ ಬಣ್ಣ ಬಿಟ್ಟಿರಲಿಲ್ಲ.

ಅಂದು ಸೋಮವಾರ. ಬೇಕಾಗಿದ್ದು ಗುರುವಾರದ ವಿಮಾನ. ಸ್ಯಾನ್ ಡಿಯಾಗೋದಿಂದ ಡೆಟ್ರಾಯಿಟ್‌ಗೆ, ಒಬ್ಬರಿಗೆ. ಅಲ್ಲಿ ಅವರ ತಂಗಿಯ ಮಗಳು ಶಾಮಲಾ ಇದ್ದಳು. "ಒಂದು ರೂಮು ಖಾಲಿ ಇದೆ ದೊಡ್ಡಮ್ಮ, ಎಷ್ಟು ದಿನ ಬೇಕಾದ್ರೂ ಇರಲಿ" ಎಂದಿದ್ದಳು.

ಪರದೆಯ ಮೇಲೆ ಆರುನೂರ ಹನ್ನೆರಡು ಡಾಲರ್ ಎಂದಿತ್ತು. ಇನ್ನೊಂದು ಸೈಟಿನಲ್ಲಿ ಐನೂರ ತೊಂಬತ್ತು. ಅರುಂಧತಿಯವರ ಬಳಿ ಉಳಿದಿದ್ದು ಮುನ್ನೂರು. ಕಂಪ್ಯೂಟರಿಗೆ ಕೊಟ್ಟಿದ್ದ ಅರ್ಧ ಗಂಟೆ ಮುಗಿದಿತ್ತು. ಲೈಬ್ರರಿಯ ಹೆಂಗಸು ಬಂದು ಅವರ ಬೆರಳು ನೋಡಿದಳು, ಮುಖ ನೋಡಿದಳು. ಮುಂದಿನ ಅರ್ಧ ಗಂಟೆಗೂ ಅವರ ಹೆಸರನ್ನೇ ಬರೆದುಕೊಂಡು ಹೋದಳು.

ಗುರುವಾರವೇ ಆಗಬೇಕಿತ್ತು. ಮಗ ಸಂಕೇತ್ ಮನೆಯಿಂದಲೇ ಕೆಲಸ ಮಾಡುವವನು. ಈ ವಾರ ಗುರುವಾರ ಮಾತ್ರ ವುಡ್‌ಲ್ಯಾಂಡ್ ಹಿಲ್ಸ್‌ನ ಆಫೀಸಿಗೆ ಹೋಗುವುದಿತ್ತು, ಬರುವುದು ಸಂಜೆ ಏಳರ ಮೇಲೆ. ಅವನಿಗೆ ತಿಳಿಯುವ ಮೊದಲೇ ವಿಮಾನ ಮೇಲೇರಿರಬೇಕು. ತಿಳಿದುಬಿಟ್ಟರೆ ಇನ್ನೊಂದು ಗುರುವಾರ ಸಿಗುವುದಿಲ್ಲ.

"ಲೈಬ್ರರಿಗೆ ಯಾಕಮ್ಮ ಹೋಗಿದ್ದೆ?" ಸಂಜೆ ಸಂಕೇತ್ ಕೇಳಿದ.

"ಪೇಪರ್ ಓದೋಣ ಅಂತ."

"ಮನೇಲೇ ಇಂಟರ್ನೆಟ್ ಇದೆಯಲ್ಲ."

"ನಿನ್ನ ಕಂಪ್ಯೂಟರ್ ಯಾರೂ ಮುಟ್ಟಬಾರದು ಅಂದಿದೀಯಲ್ಲಪ್ಪ."

ಅವನು ನಕ್ಕ. "ಇನ್ಮೇಲೆ ಹೇಳಿ ಹೋಗು. ಈ ದೇಶದಲ್ಲಿ ಕಳೆದುಹೋದ್ರೆ ಯಾರು ಹುಡುಕ್ತಾರೆ?"

ಸೊಸೆ ನಿಕಿತಾ ಊಟಕ್ಕೆ ಬರಲಿಲ್ಲ. ಭಾನುವಾರದಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದಳು. ಎದುರಾದರೂ ಅತ್ತೆಯ ಮುಖ ನೋಡುತ್ತಿರಲಿಲ್ಲ. ಅರುಂಧತಿ ಒಬ್ಬರೇ ಪಾತ್ರೆ ತೊಳೆದು, ಕಾಲು ನೋವೆಂದು ಬೇಗ ಮಲಗಿದರು.

ಮನೆಯ ಫೋನ್ ಬಿಲ್ಲಿನಲ್ಲಿ ಒಂದೊಂದು ನಂಬರನ್ನೂ ಸಂಕೇತ್ ನೋಡುತ್ತಿದ್ದ. ಹಾಗಾಗಿ ಮಂಗಳವಾರ ವಾಕಿಂಗ್ ನೆಪದಲ್ಲಿ ಅರುಂಧತಿ ಪಕ್ಕದ ಬೀದಿಗೆ, ಮೈಸೂರಿನ ಜೈನಬ್ ಬೀ ಅವರ ಮನೆಗೆ ಹೋದರು. ಅವರ ಮಗ ಆದಿಲ್ ಏರ್‌ಲೈನ್ಸ್‌ಗೆ ಫೋನ್ ಮಾಡಿ ಇಪ್ಪತ್ತು ನಿಮಿಷ ಕಾದ. ಕೊನೆಗೆ ಸಿಕ್ಕ ಹುಡುಗಿ ತಾಳ್ಮೆಯವಳು. ಲಾಸ್ ಏಂಜಲೀಸ್‌ನಿಂದ ಹೊರಟು, ಹೋಗಿಬರುವ ಟಿಕೆಟ್ಟನ್ನೇ ತೆಗೆದುಕೊಂಡರೆ ಇನ್ನೂರ ಎಂಬತ್ತಕ್ಕೆ ಮುಗಿಯುತ್ತದೆ ಎಂದಳು. ಬರೀ ಹೋಗುವುದಕ್ಕಾದರೆ ಐನೂರು ದಾಟುತ್ತದೆ.

"ಇದ್ಯಾವ ಸೀಮೆ ಲೆಕ್ಕ! ಹೋಗೋದಕ್ಕಿಂತ ಹೋಗಿಬರೋದು ಅಗ್ಗವಾ?" ಜೈನಬ್ ಬೀ ಹಣೆ ಚಚ್ಚಿಕೊಂಡರು.

"ವಾಪಸ್ ಬರೋ ದಿನ ಬರದೇ ಹೋದ್ರೆ ಏನು ಮಾಡ್ತಾರಪ್ಪ?" ಅರುಂಧತಿ ಕೇಳಿದರು.

"ಸೀಟು ಖಾಲಿ ಹೋಗತ್ತೆ ಆಂಟಿ, ಅಷ್ಟೇ."

"ಹೋಗಲಿ ಬಿಡು. ಖಾಲೀನೇ ಹೋಗಲಿ."

"ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಹೆಸರು ಬೇಕು."

ಅರುಂಧತಿ ಪರ್ಸಿನಿಂದ ಒಂದು ಚೀಟಿ ತೆಗೆದುಕೊಟ್ಟರು. ಆದಿಲ್ ಓದಿದ. ಇನ್ನೊಮ್ಮೆ ಓದಿದ. ತಲೆಯೆತ್ತಿ ಅವರನ್ನು ನೋಡಿ, ತನ್ನ ಕ್ರೆಡಿಟ್ ಕಾರ್ಡ್ ಹೊರತೆಗೆದ.

"ನಿಮ್ಮ ಮಗನಿಗೆ ಹೇಳಿದೀರಾ?" ಜೈನಬ್ ಬೀ ಮೆಲ್ಲಗೆ ಕೇಳಿದರು.

"ಅವನಿಗೆ ಹೇಳೋ ಹಾಗಿದ್ರೆ ಟಿಕೆಟ್ಟೇ ಬೇಕಿರಲಿಲ್ಲ."

"ಈ ವಯಸ್ಸಲ್ಲಿ ಇದೆಲ್ಲ ನಿಮ್ಮ ತಲೆ ಮೇಲೆ ಬಂತಲ್ಲ ಅರುಂಧತಿಯವರೇ." ಮತ್ತೆ ಅವರೇ ಹೇಳಿದರು, "ಗುರುವಾರ ನಮ್ಮನೆಯವರು ಡೈಮಂಡ್ ಬಾರ್‌ಗೆ ಮಗಳ ಮನೆಗೆ ಹೋಗ್ತಾರೆ. ದಾರೀಲೇ ಏರ್‌ಪೋರ್ಟ್‌ಗೆ ಬಿಡ್ತಾರೆ."

ಅದು ದಾರಿಯಲ್ಲಿ ಇಲ್ಲವೆಂದು ಅರುಂಧತಿಯವರಿಗೂ ಗೊತ್ತಿತ್ತು, ಜೈನಬ್ ಬೀಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಐದೂವರೆಗೆ ಸಂಕೇತನ ಕಾರು ಹೊರಟಿತು. ಪಾಸ್‌ಪೋರ್ಟ್‌ಗಳು ಅವನ ಮೇಜಿನ ಡ್ರಾಯರ್‌ನಲ್ಲಿದ್ದವು. ಡ್ರಾಯರ್‌ಗೆ ಬೀಗ. ಮೂರನೆಯ ಕ್ಲಾಸಿನಲ್ಲಿದ್ದಾಗ ಅವನು ಮಾರ್ಕ್ಸ್ ಕಾರ್ಡನ್ನು ಶೂ ಒಳಗೆ ಬಚ್ಚಿಟ್ಟಿದ್ದ. ಅರುಂಧತಿ ಶೂ ಸ್ಟ್ಯಾಂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದರಲ್ಲೂ ಕೈ ಹಾಕಿದರು. ನಾಲ್ಕನೆಯ ಜೋಡಿಯಲ್ಲಿ ಕೀಲಿ ಸಿಕ್ಕಿತು. ಅಲ್ಲಿದ್ದ ಮೂರು ಪಾಸ್‌ಪೋರ್ಟ್‌ಗಳಲ್ಲಿ ಬೇಕಾದ ಒಂದನ್ನು ತೆಗೆದು, ಬೀಗ ಹಾಕಿ, ಗೋಡೆ ಹಿಡಿದುಕೊಂಡು ಎದ್ದರು.

ಏಳೂವರೆಗೆ ಜೈನಬ್ ಬೀ ಅವರ ಗಂಡ ಗುಲಾಮ್ ಮೊಹಿಯುದ್ದೀನ್ ಸಾಹೇಬರ ಕಾರು ಬಂದು ನಿಂತಿತು. ಹಾರನ್ ಮಾಡಲಿಲ್ಲ. ಸಣ್ಣ ಸೂಟ್‌ಕೇಸನ್ನು ಅವರೇ ಎತ್ತಿ ಡಿಕ್ಕಿಯಲ್ಲಿಟ್ಟು, ಹಿಂದಿನ ಬಾಗಿಲು ತೆರೆದು ಹಿಡಿದರು.

"ಬನ್ನಿ. ಹತ್ತೂವರೆಗೆ ಅಲ್ಲಿರ್ಬೇಕು. ನಾನೇನೂ ಕೇಳಲ್ಲ, ರೇಡಿಯೋ ಹಾಕ್ತೀನಿ."

ಕಾರು ತಿರುವಿನಲ್ಲಿ ಮರೆಯಾಯಿತು. ಬೀದಿಯಲ್ಲಿ ಯಾರೂ ಇರಲಿಲ್ಲ.

ಸಂಕೇತ್ ಬಂದಾಗ ಸಂಜೆ ಏಳೂಕಾಲು. ಮನೆ ನಿಶ್ಶಬ್ದವಾಗಿತ್ತು. ಅಡುಗೆಮನೆಯಲ್ಲಿ ದೀಪವಿತ್ತು, ಸಾರು ಕುದಿದ ಘಮವಿತ್ತು. ಅವನು ಕೋಣೆಗೆ ಹೋದ, ಕಪಾಟು ತೆರೆದ, ಓಡುತ್ತ ಹೊರಗೆ ಬಂದ.

"ಅಮ್ಮಾ, ನಿಕಿತಾ ಎಲ್ಲಿ?"

"ತಲುಪಿದಳಂತೆ," ಒಲೆಯ ಮುಂದೆ ನಿಂತಿದ್ದ ಅರುಂಧತಿ ಹೇಳಿದರು. "ಈಗತಾನೇ ಫೋನ್ ಬಂತು."

ಸಂಕೇತನ ಬಲಗೈ ಮೇಲೆದ್ದಿತು. ಅರುಂಧತಿ ಹಿಂದೆ ಸರಿಯದೆ, ಊಟದ ತಟ್ಟೆಯನ್ನು ಆ ಕೈಗೆ ಕೊಟ್ಟರು.